ಬಸ್‌ಸ್ಟ್ಯಾಂಡಿನ ನಲವತ್ತು ನಿಮಿಷ

ಜೈಬುನ್ನೀಸಾಳ ಬಗ್ಗೆ ಬರೆಯಲು ನನ್ನಷ್ಟು ಅಯೋಗ್ಯ ಇನ್ನೊಬ್ಬನಿಲ್ಲ. ಆದರೆ ಬೇರೆ ಯಾರೂ ಬರೆಯುವುದಿಲ್ಲ. ಸೊರಬದ ಕಡೆ ಆಕೆಯ ಹೆಸರೆತ್ತಿದರೆ ತಿಳಿದ ಜನ ಈಗಲೂ ಮುಖ ತಿರುಗಿಸುತ್ತಾರೆ. ಅದಕ್ಕೆ ಕಾರಣ ನಾನು. ಹಾಗಾಗಿ ಬರೆಯುವ ಕೆಲಸವೂ ನನ್ನ ತಲೆಗೇ ಬಂತು.

ನನ್ನ ಹೆಸರು ಪಂಚಾಕ್ಷರಪ್ಪ, ಊರು ಶಿಕಾರಿಪುರ. ಎಪ್ಪತ್ತನಾಲ್ಕರಲ್ಲಿ ಬೆಂಗಳೂರಿನ ಒಂದು ಖಾಸಗಿ ಸಂಸ್ಥೆ ನಮ್ಮ ಎರಡು ತಾಲ್ಲೂಕುಗಳಲ್ಲಿ ಕೆರೆಗಳ ಮುನ್ನೆಚ್ಚರಿಕೆ ಯೋಜನೆ ಅಂತ ಒಂದು ಕೆಲಸ ಶುರು ಮಾಡಿತು. ಅಂಜನಾಪುರ, ಅಂಬ್ಲಿಗೊಳದಂಥ ದೊಡ್ಡ ಜಲಾಶಯಗಳಿಗೆ ಎಂಜಿನಿಯರುಗಳಿದ್ದರು. ಊರೂರಿನ ಸಣ್ಣ ಕೆರೆಗಳಿಗೆ ದಿಕ್ಕಿರಲಿಲ್ಲ. ಏರಿ ಒಡೆದ ಮೇಲೆ ಓಡುವುದೊಂದೇ ಗೊತ್ತಿದ್ದದ್ದು. ಅದಕ್ಕೆ ಸಂಸ್ಥೆಯವರು ಪ್ರತಿ ಊರಿನಲ್ಲೂ ಒಬ್ಬನಿಗೆ ಮಳೆ ಅಳೆಯುವ ಡಬ್ಬಿ ಕೊಟ್ಟರು. ಅವನು ಬೆಳಗ್ಗೆ ಎಂಟಕ್ಕೆ ಅಳೆದು, ಮಳೆ ಎಷ್ಟು, ಕೆರೆಯ ನೀರು ಎಷ್ಟು ಎಂದು ಚೀಟಿಯಲ್ಲಿ ಬರೆದು ಬಸ್ಸಿಗೆ ಕೊಡಬೇಕು. ನಮ್ಮ ಕಚೇರಿಯಲ್ಲಿ ಹದಿನೆಂಟು ಹೆಜ್ಜೆಯ ಒಂದು ಲೆಕ್ಕವಿತ್ತು. ಅದನ್ನು ಮಾಡಿದರೆ ಸಂಜೆಗೆ ಆ ಕೆರೆ ಎಲ್ಲಿಯವರೆಗೆ ಏರುತ್ತದೆ ಎಂಬುದು ಹೊರಬೀಳುತ್ತಿತ್ತು. ನೀರು ಅಪಾಯದ ಗುರುತು ಮೀರುವ ಹಾಗಿದ್ದರೆ ಜೀಪಿನಲ್ಲಿ ಕೆಂಪು ಚೀಟಿ ಹೋಗುತ್ತಿತ್ತು. ಅದು ಬಂತೆಂದರೆ ಕೆರೆಯ ಕೆಳಗಿನ ಮನೆಗಳವರು ಗಂಟುಮೂಟೆ ಕಟ್ಟಿ ಮೇಲಿನ ಕೇರಿಗೆ ಹೋಗುತ್ತಿದ್ದರು. ಬೈದುಕೊಂಡೇ ಹೋಗುತ್ತಿದ್ದರು, ಆದರೆ ಹೋಗುತ್ತಿದ್ದರು.

ಕಚೇರಿ ಎರಡಿದ್ದವು, ಶಿಕಾರಿಪುರದಲ್ಲೊಂದು, ಸೊರಬದಲ್ಲೊಂದು. ಹದಿನೆಂಟು ಹೆಜ್ಜೆ ಎರಡೂ ಕಡೆ ಒಂದೇ, ನಡೆಸುವ ಪದ್ಧತಿ ಮಾತ್ರ ಬೇರೆ. ಶಿಕಾರಿಪುರದಲ್ಲಿ ನಾಲ್ಕು ಜನ ಸಾಲಾಗಿ ಕೂರುತ್ತಿದ್ದರು. ಒಬ್ಬನದು ಮೊದಲ ಐದು ಹೆಜ್ಜೆ, ಕಾಗದ ಪಕ್ಕದವನಿಗೆ, ಅವನಿಂದ ಮುಂದಿನವನಿಗೆ. ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರಗಳಿದ್ದವು. ಸೊರಬದಲ್ಲಿ ಯಂತ್ರವಿರಲಿಲ್ಲ, ಮೂವರು ಹೆಂಗಸರಿದ್ದರು. ಒಬ್ಬೊಬ್ಬರು ಏಳೆಂಟು ಕೆರೆ ಹಂಚಿಕೊಂಡು, ತಮ್ಮ ಕೆರೆಯ ಲೆಕ್ಕವನ್ನು ಮೊದಲಿಂದ ಕೊನೆಯವರೆಗೆ ತಾವೇ ಪೆನ್ಸಿಲಿನಲ್ಲಿ ಮಾಡುತ್ತಿದ್ದರು. ಅವರಿಗೆ ಮುಖ್ಯಸ್ಥೆ ಜೈಬುನ್ನೀಸಾ.

ಆಕೆಯ ತಂದೆ ವಲೀಸಾಬ್ ಸೊರಬದ ಪೇಟೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದವರು. ಮಗಳನ್ನು ಎಸ್ಸೆಸ್ಸೆಲ್ಸಿವರೆಗೆ ಓದಿಸಿದ್ದಕ್ಕೆ ಕೇರಿಯವರಿಂದ ಬೇಕಾದಷ್ಟು ಮಾತು ಕೇಳಿದ್ದರು. ಮದುವೆಯಾದ ಮೂರನೇ ವರ್ಷಕ್ಕೆ ಗಂಡ ಜ್ವರ ಬಂದು ತೀರಿಕೊಂಡ. ಆಕೆ ತಂದೆಯ ಮನೆಗೆ ಮರಳಿ, ಪೆಟ್ಟಿಗೆಯಿಂದ ಹಳೇ ಗಣಿತದ ಪುಸ್ತಕ ತೆಗೆದಳು. ಯೋಜನೆಯವರು ಪರೀಕ್ಷೆ ಇಟ್ಟಾಗ ಎರಡು ತಾಲ್ಲೂಕಿಗೂ ಆಕೆಯೇ ಮೊದಲಿಗಳು. ನಾನು ಆರನೆಯವನು, ಶಿಕಾರಿಪುರದ ಕಚೇರಿ ಸೇರಿದೆ. ನನ್ನ ಹೊಟ್ಟೆಯೊಳಗಿನ ಹುಳ ಅಲ್ಲಿಂದಲೇ ಹುಟ್ಟಿರಬೇಕು.

ಎಪ್ಪತ್ತಾರರ ಜೂನಿನಲ್ಲಿ ನಿರ್ದೇಶಕರು ಬೆಂಗಳೂರಿನಿಂದ ಬಂದು ನನ್ನ ಕೈಗೆ ಒಂದು ಸ್ಟಾಪ್‌ವಾಚ್ ಕೊಟ್ಟರು. ಅವರು ವಿದೇಶದಲ್ಲಿ ಕಂಪ್ಯೂಟರ್ ಕಂಡು ಬಂದವರು. ಅಲ್ಲಿ ಒಂದೇ ಲೆಕ್ಕವನ್ನು ಬೇರೆ ಬೇರೆ ಯಂತ್ರಗಳಿಗೆ ಹಾಕಿ, ಯಾವುದು ಎಷ್ಟು ಬೇಗ ಮುಗಿಸುತ್ತದೆ ನೋಡಿ, ಬೇಗ ಮುಗಿಸಿದ್ದನ್ನು ಇಟ್ಟುಕೊಳ್ಳುತ್ತಾರಂತೆ. "ನಮ್ಮದೂ ಅಷ್ಟೇ ಕಣಯ್ಯ. ಲೆಕ್ಕ ಒಂದು, ಕಚೇರಿ ಎರಡು. ಹೋಲಿಸಿ ಎರಡು ಪುಟದ ವರದಿ ಕೊಡು. ಗೆದ್ದ ಕಚೇರಿ ಉಳಿಯುತ್ತೆ. ಅದಕ್ಕೊಬ್ಬ ಮುಖ್ಯಸ್ಥ ಬೇಕಾಗ್ತಾನೆ," ಎಂದರು. ಕೊನೆಯ ಮಾತನ್ನು ನನ್ನ ಮುಖ ನೋಡಿ ಹೇಳಿದರು. ಯಾವ ಕಚೇರಿ ಗೆಲ್ಲಬೇಕೆಂದು ನಾನು ಗಡಿಯಾರ ಒತ್ತುವ ಮೊದಲೇ ತೀರ್ಮಾನಿಸಿಬಿಟ್ಟೆ.

ಹೋಲಿಕೆ ನ್ಯಾಯವಾಗಿರಲಿ ಎಂದು, ಹಿಂದಿನ ವರ್ಷದ ಒಂದು ದಿನದ ಇಪ್ಪತ್ತೆರಡು ಹಳೇ ಚೀಟಿ ಆರಿಸಿ, ಅವನ್ನೇ ನಕಲು ಮಾಡಿ ಎರಡೂ ಕಡೆ ಕೊಟ್ಟೆ. ಶಿಕಾರಿಪುರದವರು ಮುಗಿಸಿದ್ದು ಒಂದು ಗಂಟೆ ಐವತ್ತು ನಿಮಿಷಕ್ಕೆ. ಮಾರನೇ ದಿನ ಸೊರಬಕ್ಕೆ ಹೋದೆ. ಜೈಬುನ್ನೀಸಾ ಚೀಟಿಗಳನ್ನು ಒಂದೊಂದೇ ತಿರುವಿ ಹಾಕಿ, "ಇವುಗಳ ಸಂಗಡ ಮಾತೇನಾದ್ರೂ ಬಂದಿತ್ತಾ ಸಾರ್?" ಎಂದು ಕೇಳಿದಳು.

"ಚೀಟಿ ಸಂಗಡ ಮಾತು ಎಂಥದ್ರೀ? ಹಳೇ ಚೀಟಿ ಅವು. ಲೆಕ್ಕ ಮಾಡ್ರಿ," ಎಂದೆ. ಪುಸ್ತಕದಲ್ಲಿ 'ಅನವಶ್ಯಕ ಪ್ರಶ್ನೆ' ಎಂದು ಬರೆದುಕೊಂಡೆ. ಸೊರಬದವರಿಗೆ ಎರಡೂವರೆ ಗಂಟೆ ಹಿಡಿಯಿತು. ಉತ್ತರ ಎರಡೂ ಕಡೆಯದು ಅಂಕಿ ಅಂಕಿಗೆ ಸರಿಹೊಂದಿತು.

ನಂತರ ದಿನದ ಕೆಲಸ ಹೇಗೆ ನಡೆಯುತ್ತದೆ ಎಂದೂ ಅಳೆಯಬೇಕಿತ್ತು. ಶಿಕಾರಿಪುರದಲ್ಲಿ ಚೀಟಿಗಳು ಚೀಲದಲ್ಲಿ ಬರುತ್ತಿದ್ದವು. ಕಂಡಕ್ಟರ್ ಚೀಲವನ್ನು ಬಾಗಿಲ ಬಳಿ ಎಸೆದು ಹೋಗುತ್ತಿದ್ದ, ಇವರು ಬಿಚ್ಚಿ ಕೂರುತ್ತಿದ್ದರು. ಸೊರಬದಲ್ಲಿ ಹಾಗಲ್ಲ. ಒಂಬತ್ತೂವರೆ ಆಯಿತೆಂದರೆ ಜೈಬುನ್ನೀಸಾ ಸೆರಗು ತಲೆಗೆಳೆದುಕೊಂಡು, ಕೊಡೆ ಹಿಡಿದು ತಾನೇ ಬಸ್‌ಸ್ಟ್ಯಾಂಡಿಗೆ ಹೊರಡುತ್ತಿದ್ದಳು. ನಾನೂ ಗಡಿಯಾರ ಹಿಡಿದು ಹಿಂದೆ ಹೋದೆ. ಬಂದ ಪ್ರತಿ ಬಸ್ಸಿನ ಕಂಡಕ್ಟರನಿಂದ ಚೀಟಿ ಇಸಿದುಕೊಂಡು ಆಕೆ ಕೇಳುತ್ತಿದ್ದದ್ದು ಒಂದೇ ಮಾತು: "ಬಾಯಲ್ಲಿ ಏನಾದ್ರೂ ಹೇಳಿ ಕಳಿಸಿದಾರಾ?"

"ಎಂಥದೂ ಇಲ್ಲ ಅಕ್ಕ," ಎಂದ ಮೊದಲನೆಯವನು. ಎರಡನೆಯವನೂ ಅದನ್ನೇ ಅಂದ. ಅವತ್ತು ತುಂತುರು ಮಳೆ. ಏಳು ಬಸ್ ಬಂದವು, ಏಳು ಕಂಡಕ್ಟರುಗಳೂ ಏನಿಲ್ಲ ಎಂದರು. ನಾನು ನಿಂತು ನಿಂತು ಕಾಲು ಬದಲಾಯಿಸುತ್ತಿದ್ದೆ.

"ಇದೇನ್ರೀ ಇದು? ದಿನಾ ಹಿಂಗ ನಲವತ್ತು ನಿಮಿಷ ಹಾಳು ಮಾಡ್ತೀರಾ? ಅವರು ಬರೆದು ಕಳಿಸ್ತಾರಲ್ಲ?"

ಆಕೆ ಬೇಸರಿಸಿಕೊಳ್ಳದೆ ವಿವರಿಸಿದಳು. "ಡಬ್ಬಿಯೊಳಗಿನ ಬಾಟ್ಲಿ ಹಿಡಿಯೋದು ನೂರು ಮಿಲಿಮೀಟರ್ ಸಾರ್. ನಿಮ್ಮ ಕಡೆ ಅಷ್ಟು ಮಳೆ ಒಂದಿನಕ್ಕೆ ಬೀಳೋದಿಲ್ಲ. ಇಲ್ಲಿ ಬೀಳ್ತದೆ. ತುಂಬಿದ್ರೆ ಅವರು ಎದ್ದು ಬಾಟ್ಲಿ ಚೆಲ್ಲಿ ಮತ್ತೆ ಇಡ್ತಾರೆ. ಎಂಟು ಗಂಟೆಗೆ ಬಾಟ್ಲೀಲಿ ಉಳಿದಿದ್ದಷ್ಟೇ ಚೀಟಿಗೆ. ಎಷ್ಟು ಸಲ ಚೆಲ್ಲಿದ್ರು ಅನ್ನೋದನ್ನ ಕಂಡಕ್ಟರ್ ಹತ್ರ ಹೇಳಿ ಕಳಿಸ್ತಾರೆ."

"ಕೂಡಿಸಿ ಬರೆಯೋಕೆ ಏನು ಧಾಡಿ?"

"ಮೊದಲನೇ ವರ್ಷ ಕೂಡಿಸಿ ಬರೆದಿದ್ರು. ತರಬೇತಿಗೆ ಬಂದ ಸಾಹೇಬ್ರು ಬೈದ್ರಂತೆ. ಎಂಟು ಗಂಟೆಗೆ ಗಾಜಲ್ಲಿ ಕಂಡಿದ್ದು ಬರೀರಿ, ನಿಮ್ಮ ಸ್ವಂತ ಲೆಕ್ಕ ಬೇಡ ಅಂತ. ಬಿದರಹೊಂಡದ ಚಿಕ್ಕಬೀರಪ್ಪಜ್ಜ ಅವತ್ತಿಂದ ಒಂದು ಗೀಟೂ ಜಾಸ್ತಿ ಹಾಕಲ್ಲ. ಸಾಹೇಬ್ರ ಮಾತು ಮೀರಬಾರದು ಅಂತಾನೆ. ಆದರೆ ಮಾತಲ್ಲಿ ಹೇಳೋಕೆ ಯಾರೂ ಬೇಡ ಅಂದಿಲ್ವಲ್ಲ ಸಾರ್."

ಆಕೆ ನಕ್ಕಳು. ನನಗೂ ಅರ್ಥವಾಗಿತ್ತು, ಚೆನ್ನಾಗಿಯೇ ಅರ್ಥವಾಗಿತ್ತು. ಹಳೇ ಚೀಟಿಗಳ ಪರೀಕ್ಷೆಯಲ್ಲಿ ಉತ್ತರ ಹೊಂದಿದ್ದು ಎರಡೂ ಕಡೆ ಮಾತಿಲ್ಲದ ಬರೀ ಚೀಟಿ ಕೊಟ್ಟಿದ್ದರಿಂದ ಎಂಬುದೂ ಆ ಕ್ಷಣಕ್ಕೇ ಹೊಳೆಯಿತು. ಅದನ್ನು ಒಂದು ಸಾಲಿನಲ್ಲಿ ಬರೆಯಬಹುದಿತ್ತು. ಬರೆದರೆ ಸೊರಬದ ನಲವತ್ತು ನಿಮಿಷ ಕೆಲಸವಾಗುತ್ತಿತ್ತು, ಬರೆಯದಿದ್ದರೆ ಸೋಮಾರಿತನವಾಗುತ್ತಿತ್ತು. ಎಲ್ಲ ಕಚೇರಿಗಳ ಗೋಡೆಯ ಮೇಲೂ ಮಾತು ಕಡಿಮೆ ಮಾಡಿ ಹೆಚ್ಚು ದುಡಿಯಿರಿ ಎಂಬ ಬೋರ್ಡು ನೇತಾಡುತ್ತಿದ್ದ ಕಾಲ ಅದು. ನನ್ನ ವರದಿಯಲ್ಲಿ 'ಬಸ್‌ಸ್ಟ್ಯಾಂಡಿನಲ್ಲಿ ಹರಟೆ, ದಿನಕ್ಕೆ ನಲವತ್ತು ನಿಮಿಷ' ಎಂದು ಬರೆದೆ. ನಿರ್ದೇಶಕರು ಆ ಸಾಲಿನ ಕೆಳಗೆ ಗೆರೆ ಎಳೆದರು.

ಸೆಪ್ಟೆಂಬರಿನಲ್ಲಿ ಸೊರಬದ ಕಚೇರಿ ಮುಚ್ಚಿತು. ಮೂವರು ಹೆಂಗಸರೂ ಮನೆಗೆ ಹೋದರು. ಬೀಗದ ಕೈ ಇಸಿದುಕೊಳ್ಳಲು ನಾನೇ ಹೋಗಿದ್ದೆ. ಜೈಬುನ್ನೀಸಾ ನನಗೆ ಕೆರೆಗಳ ಕಡತ ಒಪ್ಪಿಸಿ, "ನಿಮ್ಮಲ್ಲಿಗೆ ಚೀಲ ಹೋಗೋ ಮೊದಲು ಇಲ್ಲಿ ಬಸ್‌ಸ್ಟ್ಯಾಂಡಲ್ಲಿ ಯಾರನ್ನಾದ್ರೂ ನಿಲ್ಲಿಸಿ ಸಾರ್. ಮಾತು ತಗೊಳ್ಳೋಕೆ. ಸಂಬಳ ಬೇಡ, ಬೇಕಾದ್ರೆ ನಾನೇ ನಿಲ್ತೀನಿ," ಎಂದಳು. ನೋಡೋಣ ಎಂದೆ. ಸಂಬಳವಿಲ್ಲದೆ ನಿಲ್ಲುತ್ತೇನೆ ಎಂದವಳಿಗೆ ನೋಡೋಣ ಎಂದವನು ನಾನು. ಆಮೇಲೆ ನೋಡಲಿಲ್ಲ.

ಆಕೆ ಹೊಲಿಗೆ ಹಿಡಿದಳು. ಶಿರಾಳಕೊಪ್ಪದ ಒಂದು ಅಂಗಡಿಯವರು ಕತ್ತರಿಸಿದ ಬಟ್ಟೆಯ ಗಂಟನ್ನು ಬಸ್ಸಿಗೆ ಹಾಕಿ ಕಳಿಸುತ್ತಿದ್ದರು, ಆಕೆ ಲಂಗ, ರವಿಕೆ ಹೊಲಿದು ವಾಪಸ್ ಕಳಿಸುತ್ತಿದ್ದಳು. ನಾನು ಶಿಕಾರಿಪುರದಲ್ಲಿ ಮುಖ್ಯಸ್ಥನ ಕುರ್ಚಿಯಲ್ಲಿ ಕೂತೆ. ಮೇಜಿನ ಮೇಲೆ ಫೋನು ಬಂತು. ಆ ವರ್ಷ ಮಳೆಗಾಲ ಮುಗಿಯುತ್ತ ಬಂದಿತ್ತು. ಏನೂ ಆಗಲಿಲ್ಲ.

ಎಪ್ಪತ್ತೇಳರ ಜುಲೈ. ಶಿಕಾರಿಪುರದಲ್ಲಿ ಅವತ್ತು ಬೆಳಗ್ಗೆಯೆಲ್ಲ ಬಿಸಿಲು. ಸೊರಬದ ಕಡೆ ಮೋಡವಿದೆ ಎಂದು ಯಾರೋ ಅಂದರು. ಹನ್ನೆರಡೂವರೆಗೆ ಚೀಲ ಬಂತು. ಯಂತ್ರಗಳು ತಿರುಗಿದವು. ಒಂದೂಕಾಲಿಗೆ ಸೊರಬದ ಮೊದಲ ಕೆಲವು ಕೆರೆಗಳ ಲೆಕ್ಕ ನನ್ನ ಮೇಜಿಗೆ ಬಂತು. ಬಿದರಹೊಂಡ: ಮಳೆ ಮೂವತ್ತೈದು ಮಿಲಿಮೀಟರ್, ಕೆರೆ ಗುರುತಿಗಿಂತ ಕೆಳಗೆ, ಕೆಂಪು ಚೀಟಿ ಬೇಕಿಲ್ಲ. ನಾನು ಸಹಿ ಹಾಕಿ ಊಟಕ್ಕೆ ಹೋಗಿಬಂದೆ.

ಎರಡು ಗಂಟೆಗೆ ಸೊರಬದಿಂದ ಟ್ರಂಕ್ ಕಾಲ್ ಬಂತು. ಜೈಬುನ್ನೀಸಾ. ಅಂಚೆ ಕಚೇರಿಯಿಂದ ಮಾತಾಡುತ್ತಿದ್ದಳು.

"ಸಾರ್, ಬಿದರಹೊಂಡದ್ದು ಮೂವತ್ತೈದಲ್ಲ. ಬಟ್ಟೆ ಗಂಟು ಇಸ್ಕೊಳ್ಳೋಕೆ ಬಸ್‌ಸ್ಟ್ಯಾಂಡಿಗೆ ಬಂದಿದ್ದೆ. ಕಂಡಕ್ಟರ್ ಧರ್ಮಪ್ಪ ಈಗ ಹೇಳಿದ, ಚೀಟೀಲಿದ್ದ ಮಳೆ, ನೀರಿನ ಅಂಕಿ ಎರಡೂ ಅವನಿಗೆ ನೆನಪಿದೆ. ಅಜ್ಜ ಮೂರು ಬಾಟ್ಲಿ ಚೆಲ್ಲಿದಾನಂತೆ. ಬೆಳಗ್ಗೆ ಹೇಳೋಕೆ ಇಲ್ಲಿ ಯಾರೂ ಇರಲಿಲ್ಲವಂತೆ ಸಾರ್. ಮುನ್ನೂರ ಮೂವತ್ತೈದು. ನಾನು ಲೆಕ್ಕ ಮಾಡಿದೀನಿ, ಗುರುತು ಮೀರಿ ನಾಲ್ಕು ಅಡಿ ಹೋಗ್ತದೆ. ಜೀಪು ಕಳಿಸಿ ಸಾರ್, ಇನ್ನೂ ಟೈಮಿದೆ."

ಕಿಟಕಿಯ ಹೊರಗೆ ಬಿಸಿಲು ಹೊಳೆಯುತ್ತಿತ್ತು. ನಾಲ್ವರೂ ಯಂತ್ರ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಜೀಪು ಕಳಿಸಿದರೆ ದಾಖಲೆಯಲ್ಲಿ ಕಾರಣ ಬರೆಯಬೇಕು. ಕೆಲಸದಿಂದ ತೆಗೆದ ಹೆಂಗಸಿನ ಬಾಯಿಮಾತು ಎಂದು ಬರೆಯಬೇಕು. ನನ್ನ ವರದಿ ಸುಳ್ಳು ಎಂದು ನನ್ನ ಕೈಯಿಂದಲೇ ಬರೆದ ಹಾಗೆ. ಇಷ್ಟೆಲ್ಲ ಯೋಚಿಸಲು ಎಷ್ಟು ಹೊತ್ತು ಹಿಡಿಯಿತು ಎಂದರೆ, ಸ್ಟಾಪ್‌ವಾಚ್ ಇದ್ದಿದ್ದರೆ ನಾಲ್ಕು ಸೆಕೆಂಡು.

"ಚೀಟಿ ನೋಡೀವಿ. ಮೂವತ್ತೈದೇ ಐತಿ. ಫೋನ್ ಇಡ್ರಿ," ಎಂದೆ.

"ಸಾರ್—" ಎಂದು ಕೂಗಿದಳು. ನಾನು ಇಟ್ಟುಬಿಟ್ಟೆ.

ಅಂಚೆ ಕಚೇರಿಯಿಂದ ಆಕೆ ಮತ್ತೆ ಬಸ್‌ಸ್ಟ್ಯಾಂಡಿಗೆ ಓಡಿದ್ದು, ಮೂರು ಗಂಟೆಗೆ ವಾಪಸ್ ಹೊರಡುವ ಧರ್ಮಪ್ಪನ ಬಸ್ಸನ್ನೇ ಹತ್ತಿದ್ದು, ಇವೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಕೆಂಪು ಚೀಟಿಯಿಲ್ಲದೆ ಯಾರು ನಂಬುತ್ತಾರೋ ಬಿಡುತ್ತಾರೋ, ಚಿಕ್ಕಬೀರಪ್ಪಜ್ಜ ನಂಬುತ್ತಾನೆ ಎಂದು ಧರ್ಮಪ್ಪನಿಗೆ ಹೇಳಿದಳಂತೆ. ಬಿದರಹೊಂಡಕ್ಕೆ ಎರಡು ಮೈಲಿ ಇರುವಾಗ ಹಳ್ಳ ಸೇತುವೆಯ ಮೇಲೆ ಹರಿಯುತ್ತಿತ್ತು. ಬಸ್ಸು ನಿಂತಿತು. ಆಕೆ ಇಳಿದು ಸೊಂಟದವರೆಗೆ ನೀರಿಗೆ ಹೋದಳು, ಧರ್ಮಪ್ಪ ಹಿಡಿದೆಳೆದು ತಂದ. ಎರಡನೇ ಸಲವೂ ಹೋದಳು. ಆಮೇಲೆ ದಡದಲ್ಲಿ ನಿಂತು ಆಚೆ ಯಾರಾದರೂ ಕಾಣುತ್ತಾರೇನೋ ಎಂದು ನೋಡುತ್ತಿದ್ದಳು. ಆ ಮಳೆಯಲ್ಲಿ ಯಾರು ಹೊರಬರುತ್ತಾರೆ? ಐದೂವರೆಗೆ ಹಳ್ಳ ಇದ್ದಕ್ಕಿದ್ದಂತೆ ಕೆಂಪಗಾಗಿ ಉಕ್ಕಿತು. ಮಾಡಿನ ತೊಲೆಗಳು ಬಂದವು, ಕೊರಳಿಗೆ ಹಗ್ಗವಿದ್ದ ಒಂದು ಎಮ್ಮೆ ಬಂತು. ಆಗ ಆಕೆ ರಸ್ತೆಯ ಮೇಲೆ ಕೂತುಬಿಟ್ಟಳಂತೆ.

ಬಿದರಹೊಂಡದ ಏರಿ ಒಡೆದು ಒಂಬತ್ತು ಜನ ಹೋದರು. ಚಿಕ್ಕಬೀರಪ್ಪ, ಅವನ ಸೊಸೆ, ಎರಡು ಮೊಮ್ಮಕ್ಕಳು ಒಂದೇ ಮನೆಯಲ್ಲಿ. ಮಳೆ ಡಬ್ಬಿ ಮಾತ್ರ ನೆಟ್ಟಲ್ಲೇ ಇತ್ತು.

ಸಂಸ್ಥೆಯವರು ಇಬ್ಬರ ವಿಚಾರಣಾ ಸಮಿತಿ ಮಾಡಿ ಸೊರಬಕ್ಕೆ ಕಳಿಸಿದರು. ಒಬ್ಬೊಬ್ಬರನ್ನೇ ಒಳಗೆ ಕರೆದು ಬಾಗಿಲು ಹಾಕುತ್ತಿದ್ದರು. ಧರ್ಮಪ್ಪ ಎರಡು ಗಂಟೆಗೆ ಮುಂಚೆಯೇ ಜೈಬುನ್ನೀಸಾಗೆ ಹೇಳಿದ್ದೆ ಎಂದ. ಅವನು ನಿಜವನ್ನೇ ಹೇಳಿದ್ದು, ಅದೇ ಆಕೆಯ ಕೊರಳಿಗೆ ಬಿತ್ತು. ಆಮೇಲೆ ಆಕೆಯ ಸರದಿ. ಕಚೇರಿಗೆ ಫೋನ್ ಮಾಡಿ ತಿಳಿಸಿದೆ ಎಂದಳು. ಟ್ರಂಕ್ ಕಾಲಿನ ರಸೀದಿ ಮೇಜಿನ ಮೇಲಿಟ್ಟಳು. ಊರು, ನಂಬರು, ವೇಳೆ, ಮೂರು ನಿಮಿಷ. ಕೊನೆಗೆ ನನ್ನನ್ನು ಕರೆದರು. ರಸೀದಿ ಇನ್ನೂ ಅಲ್ಲೇ ಇತ್ತು.

"ಕರೆ ಬಂದಿತ್ತೇ?" ಎಂದು ಹಿರಿಯರು ಕೇಳಿದರು.

"ಬಂದಿತ್ತು ಸಾರ್."

"ಏನು ಹೇಳಿದರು?"

ನನಗೆ ಆಗ ಮನೆಯಲ್ಲಿ ಹೆಂಡತಿ ಬಸುರಿ ಎಂದು ಬರೆದು ನಿಮ್ಮ ಕನಿಕರ ಗಿಟ್ಟಿಸಬಹುದು. ಬಸುರಿ ಹೌದು, ಆದರೆ ನೆನಪಾದದ್ದು ಅವಳಲ್ಲ, ಕುರ್ಚಿ.

"ಕೆಲಸ ವಾಪಸ್ ಕೊಡಿಸಿ ಅಂತ ಕೇಳಿದ್ರು ಸಾರ್. ಆಗಂಗಿಲ್ಲ ಅಂತ ಫೋನ್ ಇಟ್ಟೆ."

ಅವರು ಬರೆದುಕೊಂಡರು. ಅಂಚೆ ಕಚೇರಿಯಲ್ಲಿ ಆಕೆಯ ಮಾತು ಕೇಳಿದವರು ನಾಲ್ಕಾರು ಮಂದಿ ಇದ್ದಿರಲೇಬೇಕು, ಯಾರನ್ನೂ ಕರೆಯಲಿಲ್ಲ. ನನ್ನ ನಾಲ್ವರು ಲೆಕ್ಕದವರನ್ನೂ ಕೇಳಲಿಲ್ಲ. ಅವರೂ ತಾವಾಗಿ ಬಾಯಿ ಬಿಡಲಿಲ್ಲ. 'ಮಾಹಿತಿ ತಿಳಿದಿದ್ದ ಮಾಜಿ ನೌಕರಳು ಸಕಾಲದಲ್ಲಿ ಕಚೇರಿಗೆ ತಿಳಿಸಲಿಲ್ಲ' ಎಂದು ಸಮಿತಿ ಬರೆಯಿತು. ಯಾರು ಏನು ಸಾಕ್ಷಿ ಹೇಳಿದರು ಎಂಬುದನ್ನು ಹೊರಗೆ ಬಿಡಲಿಲ್ಲ, ಆದರೆ ಆ ಒಂದು ಸಾಲು ಮಾತ್ರ ಊರೂರು ತಿರುಗಿತು. ಕೆಲಸ ಹೋದ ಸಿಟ್ಟಿಗೆ ಗೊತ್ತಿದ್ದೂ ಸುಮ್ಮನಿದ್ದಳು, ಸಂಜೆ ಹಳ್ಳದ ದಡಕ್ಕೆ ನೋಡಲು ಬಂದಿದ್ದಳು ಎಂದರು. ಧರ್ಮಪ್ಪ ಅಲ್ಲ ಎಂದು ಎಷ್ಟು ಹೇಳಿದರೂ ಕೇಳುವವರಿರಲಿಲ್ಲ.

ಅವತ್ತು ಊರಲ್ಲಿಲ್ಲದೆ ಬದುಕುಳಿದ ಚಿಕ್ಕಬೀರಪ್ಪನ ಹೆಂಡತಿ ಸೊರಬದ ಪೇಟೆಯಲ್ಲಿ ಆಕೆಯ ಮುಖಕ್ಕೆ ಉಗಿದಳು. ವಲೀಸಾಬರ ಅಂಗಡಿಗೆ ಹಳ್ಳಿಯವರು ಬರುವುದು ನಿಂತಿತು. ಮುದುಕರು ಒಂದು ವರ್ಷವೂ ಬದುಕಲಿಲ್ಲ. ಜೈಬುನ್ನೀಸಾ ಮನೆ ಬಿಟ್ಟು ಶಿರಾಳಕೊಪ್ಪದಲ್ಲಿ ಚಿಕ್ಕಮ್ಮನ ಮಗಳು ಬದರುನ್ನೀಸಾಳ ಮನೆ ಸೇರಿದಳು. ಯೋಜನೆಯೂ ಮುಚ್ಚಿತು. ನನಗೆ ಒಳ್ಳೆಯ ಪ್ರಮಾಣಪತ್ರ ಕೊಟ್ಟರು. ಅದನ್ನು ತೋರಿಸಿ ಇನ್ನೊಂದು ಕಡೆ ಕೆಲಸ ಹಿಡಿದೆ.

ಎಪ್ಪತ್ತೊಂಬತ್ತರಲ್ಲಿ ಒಂದು ದಿನ ಶಿರಾಳಕೊಪ್ಪದ ಸಂತೆಗೆ ಹೋಗಿದ್ದೆ. ಮೆಣಸಿನಕಾಯಿ ಆರಿಸುತ್ತ ಬಗ್ಗಿದ್ದವನು ತಲೆಯೆತ್ತಿದಾಗ ಎದುರಿಗೆ ಜೈಬುನ್ನೀಸಾ ನಿಂತಿದ್ದಳು. ಮೂವತ್ತರ ಹೆಂಗಸು ಐವತ್ತರವಳ ಹಾಗೆ ಕಾಣುತ್ತಿದ್ದಳು. ಓಡಿಹೋಗೋಣ ಅನ್ನಿಸಿತು. ಉಗಿಯುತ್ತಾಳೆ ಎಂದುಕೊಂಡೆ, ಉಗಿಯಲಿ ಎಂದೂ ಅನ್ನಿಸಿತು. ಉಗಿದಿದ್ದರೆ ನಾನು ಅವತ್ತು ಬದುಕಿಕೊಳ್ಳುತ್ತಿದ್ದೆ.

"ಚೆನ್ನಾಗಿದೀರಾ ಸಾರ್?" ಎಂದಳು. ತಲೆಯಾಡಿಸಿದೆ.

"ಒಂದು ಮಾತು ಕೇಳಬೇಕಿತ್ತು. ಎರಡು ವರ್ಷದಿಂದ ಅದೊಂದೇ ತಲೇಲಿ." ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. "ಅವತ್ತು ಫೋನಲ್ಲಿ ಬಾಟ್ಲಿ ವಿಷಯ ನಿಮಗೆ ಕೇಳಿಸಲಿಲ್ಲ, ಅಲ್ದಾ ಸಾರ್? ಕೇಳಿಸಿದ್ರೆ ನೀವು ಜೀಪು ಕಳಿಸ್ತಿದ್ರಿ."

ಆಕೆ ನನ್ನನ್ನು ನಂಬಿದ್ದಳು. ಊರೆಲ್ಲ ಆಕೆಯನ್ನು ಹಂಗಿಸುತ್ತಿದ್ದ ಎರಡು ವರ್ಷವೂ ನನ್ನ ಮೇಲೆ ಒಂದು ಕೆಟ್ಟ ಮಾತು ಆಡದೆ, ಲೈನು ಸರಿ ಇದ್ದಿಲ್ಲ ಎಂದು ನಂಬಿದ್ದಳು. ನಿಜ ಹೇಳುವುದಕ್ಕೆ ಸುತ್ತ ಒಬ್ಬ ಸಾಹೇಬನೂ ಇರಲಿಲ್ಲ, ಕುರ್ಚಿಯೂ ಇರಲಿಲ್ಲ. ಕಳೆದುಕೊಳ್ಳಲು ನನಗೆ ಇದ್ದದ್ದು ಆಕೆಯ ಆ ನಂಬಿಕೆಯೊಂದೇ. ಅದನ್ನೂ ಬಿಡಲಾರದೆ ಹೋದೆ.

"ಕೇಳಿಸಲಿಲ್ಲಮ್ಮ. ಲೈನ್ ಸರಿ ಇರಲಿಲ್ಲ," ಎಂದೆ.

ಆಕೆಯ ಮುಖದಲ್ಲಿ ನೆಮ್ಮದಿ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

"ನಾನೂ ಅದನ್ನೇ ಅಂದ್ಕೊಂಡಿದ್ದೆ," ಎಂದಳು. "ಅಂಚೆ ಕಚೇರೀಲಿ ಗಂಡಸರು ನಿಂತಿದ್ರು, ಬಾಟ್ಲಿ ವಿಷಯ ಹೇಳೋವಾಗ ನಾಚಿಕೆಗೆ ದನಿ ಏರಿಸಲಿಲ್ಲ ನಾನು. ಇನ್ನೂ ಸ್ವಲ್ಪ ಜೋರಾಗಿ ಹೇಳಿದ್ರೆ ಆ ಒಂಬತ್ತು ಜನ ಉಳೀತಿದ್ರು."

ಚೀಲ ಎತ್ತಿಕೊಂಡು ಜನರ ನಡುವೆ ಹೋದಳು. ಆ ಚಳಿಗಾಲದಲ್ಲೇ ತೀರಿಕೊಂಡಳು ಎಂದು ಆಮೇಲೆ ಬದರುನ್ನೀಸಾಳಿಂದ ಕೇಳಿದೆ. ಕೊನೆಯ ದಿನಗಳಲ್ಲಿ ನಿದ್ದೆಯಲ್ಲಿ ಮೂರು ಬಾಟ್ಲಿ, ಮೂರು ಬಾಟ್ಲಿ ಎಂದು ಮನೆಯವರೆಲ್ಲ ಬೆಚ್ಚಿ ಏಳುವ ಹಾಗೆ ಕೂಗುತ್ತಿದ್ದಳಂತೆ.